ಡಾಂಬರು ಕೊನೆಗೆ: ಮನೆಮುಂದಿನ ಬೀದಿಯನ್ನು ಸರಿಪಡಿಸಿಕೊಳ್ಳುವ ದಾರಿ

ನಮ್ಮ ಅಡ್ಡರಸ್ತೆಗೆ ಹಿಂದೊಮ್ಮೆ ಒಂದೇ ದಿನದಲ್ಲಿ ಡಾಂಬರು ಬಿದ್ದಿತ್ತು. ಬೆಳಿಗ್ಗೆ ಬಂದ ರೋಲರ್ ದೀಪ ಹಚ್ಚುವ ಹೊತ್ತಿಗೆ ಹೊರಟುಹೋಗಿತ್ತು. ಮಕ್ಕಳು ಸೈಕಲ್ ಹೊರತೆಗೆದರು, ದೊಡ್ಡವರು ಗೇಟಿನ ಬಳಿ ನಿಂತು ಸಂತೋಷಪಟ್ಟೆವು. ಎರಡು ತಿಂಗಳು ಕಳೆದು ಮುಂಗಾರು ಹಿಡಿದಾಗ ಮೂಲೆಮನೆಯ ಅಜ್ಜಿಯ ಹೊಸ್ತಿಲು ದಾಟಿ ನೀರು ನಡುಮನೆಗೆ ಬಂತು. ಹಳೆಯ ಡಾಂಬರಿನ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಎಂದು ಹಾಸುತ್ತಾ ಹೋಗಿ ರಸ್ತೆ ಅವರ ಹೊಸ್ತಿಲಿಗಿಂತ ನಾಲ್ಕು ಬೆರಳು ಮೇಲಕ್ಕೆದ್ದಿತ್ತು. ಮರುವರ್ಷ ಒಳಚರಂಡಿ ಕಟ್ಟಿಕೊಂಡು ಅದೇ ರಸ್ತೆಯನ್ನು ಉದ್ದಕ್ಕೂ ಸೀಳಿದರು. "ನೀವೆಲ್ಲ ಸೇರಿ ರಸ್ತೆ ಮಾಡಿಸಿದಿರಿ, ನನ್ನ ಮನೆ ಹಳ್ಳವಾಯಿತಲ್ಲಪ್ಪಾ" ಎಂದು ಅಜ್ಜಿ ಕೇಳಿದಾಗ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ನಾವು ಕೇಳಿದ್ದು ಡಾಂಬರು, ಸಿಕ್ಕಿದ್ದೂ ಡಾಂಬರು. ಎರಡನೆಯ ಸಲ ನಾವು ಇಡೀ ಬೀದಿಯನ್ನು ಕೇಳಿದೆವು. ಅದಕ್ಕೆ ಒಂದೂವರೆ ವರ್ಷ ಹಿಡಿಯಿತು. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕರ್ನಾಟಕದ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಯಾವುದರ ವ್ಯಾಪ್ತಿಯಲ್ಲಿದ್ದರೂ ಕ್ರಮ ಹೆಚ್ಚುಕಡಿಮೆ ಇದೇ.

ರಸ್ತೆ ಯಾರದ್ದು?

ಅರ್ಜಿ ಬರೆಯುವ ಮೊದಲು ಇದೊಂದನ್ನು ಖಚಿತಪಡಿಸಿಕೊಳ್ಳಿ. ಖಾಸಗಿ ಬಡಾವಣೆಗಳಲ್ಲಿ ನಕ್ಷೆಗೆ ಅನುಮೋದನೆ ಸಿಕ್ಕಿದ್ದರೂ ರಸ್ತೆ ಮತ್ತು ಉದ್ಯಾನಗಳನ್ನು ಬಡಾವಣೆ ಮಾಡಿದವರು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರಬೇಕು. ಹಾಗೆ ಹಸ್ತಾಂತರವಾಗದ ರಸ್ತೆ ಕಾಗದದ ಮೇಲೆ ಖಾಸಗಿ ಆಸ್ತಿಯಾಗಿಯೇ ಉಳಿದಿರುತ್ತದೆ. ಅದಕ್ಕೆ ಸಾರ್ವಜನಿಕ ಹಣ ಹಾಕಲು ಎಂಜಿನಿಯರ್ ಹಿಂಜರಿದರೆ ಅದು ಅವರ ಸೋಮಾರಿತನವಲ್ಲ, ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವ ಭಯ. ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿ ಮತ್ತು ಹಸ್ತಾಂತರ ಪತ್ರದ ಪ್ರತಿ, ಈ ಎರಡನ್ನು ಹುಡುಕಿ ಕಡತದ ಮೊದಲ ಪುಟದಲ್ಲಿ ಇಡಿ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕೇಳಬೇಕಾದದ್ದು ಮೂರೇ ಸಂಗತಿ: ಈ ರಸ್ತೆಗೆ ಕೊನೆಯ ಕಾಮಗಾರಿ ಯಾವಾಗ ನಡೆಯಿತು, ಅದರ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ (ನಡೆದ ಕೆಲಸದ ಅಳತೆ ಬರೆದಿಡುವ ದಾಖಲೆ) ಪ್ರತಿ, ದೋಷ ಹೊಣೆಗಾರಿಕೆ ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ. ಆ ಅವಧಿ ಇನ್ನೂ ಇದ್ದರೆ ಹೊಸ ಹಣ ಬೇಡುವ ಅಗತ್ಯವೇ ಬರುವುದಿಲ್ಲ. ಹಾಳಾದದ್ದನ್ನು ಹಳೆಯ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು.

ಬೆಂಗಳೂರಿನವರಿಗೆ ಒಂದು ಮಾತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ. ಹಳೆಯ ವಾರ್ಡ್ ಸಂಖ್ಯೆ ಹಾಕಿದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ನಿಮ್ಮ ರಸ್ತೆ ಈಗ ಯಾವ ಪಾಲಿಕೆಯ ಯಾವ ವಾರ್ಡಿನಲ್ಲಿದೆ ಎಂದು ನೋಡಿಕೊಂಡೇ ಬರೆಯಿರಿ.

ಕೊಡೆ ಹಿಡಿದು ಅಳತೆ

ಬೀದಿಯ ಸಮೀಕ್ಷೆಗೆ ಬೇಸಿಗೆ ತಕ್ಕ ಕಾಲವಲ್ಲ. ಜೋರುಮಳೆ ನಿಂತ ಹತ್ತು ನಿಮಿಷದೊಳಗೆ ಹೊರಗೆ ಬನ್ನಿ. ನೀರು ಎಲ್ಲಿ ನಿಂತಿದೆ, ಎಲ್ಲಿಂದ ಹರಿದು ಬರುತ್ತಿದೆ, ಯಾವ ಚರಂಡಿ ಬಾಯಿ ನುಂಗುತ್ತಿದೆ, ಯಾವುದು ಉಗುಳುತ್ತಿದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕಾಂಪೌಂಡ್ ಗೋಡೆಗಳ ಮೇಲೆ ನೀರು ಮುಟ್ಟಿದ ಎತ್ತರಕ್ಕೆ ಎಣ್ಣೆಬಣ್ಣದಲ್ಲಿ ಸಣ್ಣ ಗೆರೆ ಎಳೆದು ತಾರೀಖು ಬರೆಯಿರಿ. ಸೀಮೆಸುಣ್ಣದ ಗೆರೆ ಮುಂದಿನ ಮಳೆಗೆ ತೊಳೆದುಹೋಗುತ್ತದೆ. ನಾವು ಮೊದಲು ಅದನ್ನೇ ಬಳಸಿ ಒಂದು ತಿಂಗಳ ಗುರುತುಗಳನ್ನು ಕಳೆದುಕೊಂಡೆವು.

ಮಟ್ಟ ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಗಾರೆ ಕೆಲಸದ ಮೇಸ್ತ್ರಿಗಳ ಬಳಿ ಪಾರದರ್ಶಕ ಲೆವೆಲ್ ಪೈಪ್ ಇರುತ್ತದೆ. ಅದರಲ್ಲಿ ಗುಳ್ಳೆ ಉಳಿಯದಂತೆ ನೀರು ತುಂಬಿಸಿ, ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ನಿಂತರೆ ಎರಡೂ ಕಡೆ ನೀರಿನ ಮಟ್ಟ ಒಂದೇ ಇರುತ್ತದೆ. ಅಲ್ಲಿಂದ ನೆಲಕ್ಕೆ ಎಷ್ಟು ಎಂದು ಟೇಪಿನಲ್ಲಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆದರೆ ಇಳಿಜಾರು ಗೊತ್ತಾಗುತ್ತದೆ. ಹತ್ತು ಹತ್ತು ಮೀಟರಿಗೆ ಒಂದರಂತೆ ನಮ್ಮ 180 ಮೀಟರ್ ರಸ್ತೆಯನ್ನು ಒಂದು ಭಾನುವಾರ ಬೆಳಿಗ್ಗೆ ಅಳೆದೆವು. ಪ್ರತಿ ಮನೆಯ ಹೊಸ್ತಿಲಿನ ಮಟ್ಟವನ್ನೂ ಬರೆದುಕೊಂಡೆವು. ಹೊಸ್ತಿಲಿನ ಈ ಪಟ್ಟಿಯೇ ಮುಂದೆ ನಮ್ಮ ದೊಡ್ಡ ಆಧಾರವಾಯಿತು. ಬದಿಚರಂಡಿಗೆ 200ಕ್ಕೆ 1ರಷ್ಟಾದರೂ ಇಳಿಜಾರು ಸಿಗಬೇಕು ಎಂದಿಟ್ಟುಕೊಂಡರೆ 180 ಮೀಟರಿಗೆ 90 ಸೆಂಟಿಮೀಟರ್ ಬೇಕು. ನಮ್ಮಲ್ಲಿ ಅಷ್ಟು ಇತ್ತು, ಆದರೆ ನಡುವೆ ಎರಡು ಕಡೆ ರಸ್ತೆ ಉಬ್ಬಿಕೊಂಡು ನೀರನ್ನು ತಡೆಯುತ್ತಿತ್ತು.

ಒಂದು ಲೆಕ್ಕವನ್ನೂ ಅರ್ಜಿಯಲ್ಲಿ ಬರೆಯಿರಿ. 180 ಮೀಟರ್ ಉದ್ದ, 9 ಮೀಟರ್ ಅಗಲದ ರಸ್ತೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ರಸ್ತೆಯೊಂದರಿಂದಲೇ 81,000 ಲೀಟರ್ ನೀರು ಹರಿಯುತ್ತದೆ. ಇಕ್ಕೆಲದ ತಾರಸಿಗಳ ನೀರು ಅದರ ಮೇಲೆ. "ಚರಂಡಿ ಸಣ್ಣದಾಗಿದೆ" ಎಂಬ ದೂರಿಗಿಂತ ಈ ಅಂಕಿ ಎಂಜಿನಿಯರ್ ಕಿವಿಗೆ ಬೇಗ ತಲುಪುತ್ತದೆ.

ನೆಲದ ಕೆಳಗಿನದು ಮೊದಲು

ನಿಮ್ಮ ಬೀದಿಗೆ ನೀರು ಬಿಡುವ ನೀರುಗಂಟಿ, ವಿದ್ಯುತ್ ಲೈನ್‌ಮನ್, ಗುಡಿಸುವ ಪೌರಕಾರ್ಮಿಕರು, ಈ ಮೂವರೊಂದಿಗೆ ಬೀದಿಯ ಉದ್ದಕ್ಕೂ ಒಮ್ಮೆ ನಡೆಯಿರಿ. ಯಾವ ನಕ್ಷೆಯಲ್ಲೂ ಇಲ್ಲದ ವಿಷಯ ಅವರಿಗೆ ತಿಳಿದಿರುತ್ತದೆ. ನಮ್ಮ ನೀರುಗಂಟಿ ಡಾಂಬರಿನ ಒಂದು ಜಾಗವನ್ನು ಕಾಲಿನಿಂದ ತಟ್ಟಿ, "ಇದರ ಕೆಳಗೆ ವಾಲ್ವ್ ಇದೆ ಸಾರ್, ಎರಡು ಸಲ ಡಾಂಬರು ಹಾಕಿ ಮುಚ್ಚಿಬಿಟ್ಟರು" ಎಂದರು. ಅಗೆದು ನೋಡಿದಾಗ ಅವರು ಹೇಳಿದ ಜಾಗದಿಂದ ಒಂದು ಅಡಿಯೂ ಆಚೀಚೆ ಇರಲಿಲ್ಲ.

ಕೊಳವೆ ಹಳೆಯದಾಗಿದ್ದರೆ, ಮನೆಗಳ ಒಳಚರಂಡಿ ಚೇಂಬರ್ ಕುಸಿದಿದ್ದರೆ, ಅನಿಲ ಕೊಳವೆಯೋ ಕೇಬಲ್ಲೋ ಬರುವುದಿದ್ದರೆ ಎಲ್ಲವೂ ರಸ್ತೆಯ ಮೇಲ್ಪದರಕ್ಕೆ ಮೊದಲೇ ಮುಗಿಯಬೇಕು. ನೀರು, ವಿದ್ಯುತ್, ಅನಿಲ ಸಂಸ್ಥೆಗಳಿಗೆ ಬೇರೆ ಬೇರೆ ಪತ್ರ ಬರೆದು, "ಮುಂದಿನ ಎರಡು ವರ್ಷಗಳಲ್ಲಿ ಈ ರಸ್ತೆಯನ್ನು ಅಗೆಯುವ ಯೋಜನೆ ಇದೆಯೇ" ಎಂದು ಕೇಳಿ, ಸ್ವೀಕೃತಿ ಮೊಹರು ಪಡೆಯಿರಿ. ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಖಾಲಿ ಪಿವಿಸಿ ಪೈಪುಗಳನ್ನು ಹೂಳುವ ಬಾಬ್ತು ಸೇರಿಸಲು ಎಂಜಿನಿಯರ್‌ಗೆ ಹೇಳಿ. ನಾಳೆ ಯಾರಿಗಾದರೂ ಹೊಸ ಸಂಪರ್ಕ ಬೇಕಾದಾಗ ರಸ್ತೆ ಕತ್ತರಿಸದೆ ಅದರೊಳಗಿಂದಲೇ ಎಳೆದುಕೊಳ್ಳಬಹುದು. ಇಡೀ ಕಾಮಗಾರಿಯಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಬಾಬ್ತು ಇನ್ನೊಂದಿಲ್ಲ.

ಇನ್ನೊಂದು ಕೆಲಸ ನಮ್ಮದೇ. ಅನೇಕ ಮನೆಗಳಲ್ಲಿ ತಾರಸಿಯ ಮಳೆನೀರಿನ ಕೊಳವೆಯನ್ನು ಒಳಚರಂಡಿ ಚೇಂಬರಿಗೆ ಜೋಡಿಸಿರುತ್ತಾರೆ. ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಎದ್ದು ಹೊಲಸು ಬೀದಿಗೆ ಹರಿಯಲು ಇದು ದೊಡ್ಡ ಕಾರಣ. ನಮ್ಮ ಬೀದಿಯ 42 ಮನೆಗಳಲ್ಲಿ 17ರಲ್ಲಿ ಹೀಗೇ ಇತ್ತು, ಅದರಲ್ಲಿ ನಮ್ಮ ಮನೆಯೂ ಒಂದು. ಅದನ್ನು ಬಿಡಿಸಿ ಇಂಗುಗುಂಡಿಗೋ ತೊಟ್ಟಿಗೋ ತಿರುಗಿಸುವುದನ್ನು ಮೊದಲು ಮಾಡಿ, ಆಮೇಲೆ ಕಚೇರಿಗೆ ಹೋಗಿ.

30 ಅಡಿಯನ್ನು ಹಂಚಿಕೊಳ್ಳುವುದು

ಹಣಕ್ಕಿಂತ ಕಷ್ಟದ ಹಂತ ಇದು, ಏಕೆಂದರೆ ಇಲ್ಲಿ ಎದುರಿಗಿರುವವರು ನೆರೆಹೊರೆಯವರು. ನಮ್ಮ ಬೀದಿಯ ಅಗಲ 30 ಅಡಿ, ಎಂದರೆ 9.1 ಮೀಟರ್. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲದ ಕಾಲುದಾರಿಯನ್ನು ಕೇಳುತ್ತದೆ. ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎನ್ನುತ್ತದೆ. ಎರಡೂ ಬದಿ 1.8 ಕೊಟ್ಟರೆ ವಾಹನಗಳಿಗೆ 5.5 ಮೀಟರ್ ಉಳಿಯುತ್ತದೆ. ಎದುರುಬದುರು ಬರುವ ಎರಡು ಕಾರುಗಳು ನಿಧಾನವಾಗಿ ದಾಟಲು ಅಷ್ಟು ಸಾಕು. ಚರಂಡಿ ಕಾಲುದಾರಿಯ ಕೆಳಗೆ, ಎತ್ತಬಹುದಾದ ಚಪ್ಪಡಿ ಮುಚ್ಚಿಕೊಂಡು ಇರಲಿ. ಹೂಳೆತ್ತಲಾಗದ ಹಾಗೆ ಕಾಂಕ್ರೀಟಿನಿಂದ ಬಿಗಿದ ಚರಂಡಿ ಎರಡು ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ. ಕಂಬ, ಮರ ಅಡ್ಡ ಬರುವ ಕಡೆ ಎರಡೂ ಬದಿ ಅರೆಬರೆ ಮಾಡುವ ಬದಲು ಒಂದು ಬದಿಯನ್ನಾದರೂ ತಡೆಯಿಲ್ಲದೆ ಉಳಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಜಗಳ ಹುಟ್ಟುವುದು ಗೇಟಿನ ಮುಂದಿನ ರ‍್ಯಾಂಪಿನಿಂದ. ಕಾರು ಒಳಗೆ ಏರಲು ಅನೇಕರು ಚರಂಡಿಯ ಮೇಲೆ ರಸ್ತೆಯವರೆಗೆ ಕಾಂಕ್ರೀಟ್ ಇಳಿಜಾರು ಹಾಕಿರುತ್ತಾರೆ. ಅದನ್ನು ಒಡೆಯಬೇಕೆಂದು ಸಭೆಯಲ್ಲಿ ಎದ್ದುನಿಂತು ಹೇಳಿದರೆ ಸಭೆ ಅಲ್ಲಿಗೇ ಮುಗಿಯುತ್ತದೆ. ನಾವು ಬೇರೆ ದಾರಿ ಹಿಡಿದೆವು. ಸಂಘದ ಹಿರಿಯರಾದ ನಿವೃತ್ತ ಮೇಷ್ಟ್ರು ತಮ್ಮ ಮನೆಯ ರ‍್ಯಾಂಪನ್ನು ಮೊದಲು ಒಡೆಸಿ, ಇಳಿಜಾರನ್ನು ಗೇಟಿನ ಒಳಗೆ ಮಾಡಿಸಿಕೊಂಡರು. ಖರ್ಚು ಎಷ್ಟಾಯಿತು, ಕಾರಿನ ಹೊಟ್ಟೆ ತಾಗುತ್ತದೆಯೇ ಎಂದು ಜನ ಬಂದು ನೋಡಿಹೋದರು. ಮೂರು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಯವರು ಒಪ್ಪಿದರು. ಉಳಿದವರೊಂದಿಗೆ ಮಾತು ಮುಂದುವರಿಸಿದೆವು.

ಮರಗಳ ಬುಡಕ್ಕೆ ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿ. ಬುಡದವರೆಗೆ ಕಾಂಕ್ರೀಟ್ ಮೆತ್ತಿದ ಹೊಂಗೆ ಗಾಳಿಮಳೆಗೆ ಬೀಳುವುದನ್ನು ಕಂಡಿದ್ದೇವೆ. ಮರ ಕಡಿಯಲೇಬೇಕಾಗಿ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ವೇಗತಡೆಗಳನ್ನು ನೀವೇ ಹಾಕಿಸಬೇಡಿ. ರಸ್ತೆ ಕಾಂಗ್ರೆಸ್‌ನ ಮಾನದಂಡದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರುತ್ತದೆ, ವಾಹನ ಅದರ ಮೇಲೆ ತೇಲಿದಂತೆ ಹೋಗುತ್ತದೆ. ನಮ್ಮ ಬೀದಿಗಳಲ್ಲಿ ಕಾಣುವ ಚೂಪು ದಿಂಡುಗಳು ಗರ್ಭಿಣಿಯರ, ವಯಸ್ಸಾದವರ ಬೆನ್ನು ಮುರಿಯುತ್ತವೆ. ಸಂಚಾರ ಪೊಲೀಸರ ಒಪ್ಪಿಗೆಯೊಂದಿಗೆ, ಬಣ್ಣ ಮತ್ತು ಸೂಚನಾ ಫಲಕದ ಸಮೇತ ಪಾಲಿಕೆಯಿಂದಲೇ ಆಗಬೇಕು.

ಹಣ ಎಲ್ಲಿಂದ?

ಮೊದಲು ಅಂದಾಜು. ವಾರ್ಡಿನ ಸಹಾಯಕ ಎಂಜಿನಿಯರ್ ಲೋಕೋಪಯೋಗಿ ಇಲಾಖೆಯ ಚಾಲ್ತಿ ದರಪಟ್ಟಿಯ ಮೇಲೆ ಅಂದಾಜು ಪಟ್ಟಿ ತಯಾರಿಸುತ್ತಾರೆ. ಅದರಲ್ಲಿ ಹಳೆಯ ಡಾಂಬರನ್ನು ಕೆರೆದು ತೆಗೆಯುವ ಬಾಬ್ತು, ಮ್ಯಾನ್‌ಹೋಲ್ ಮುಚ್ಚಳಗಳನ್ನು ಹೊಸ ಮಟ್ಟಕ್ಕೆ ತರುವ ಬಾಬ್ತು, ಚರಂಡಿಯ ಬಾಬ್ತು ಇವೆಯೇ ನೋಡಿ. ಕೆರೆಯುವ ಬಾಬ್ತು ಇಲ್ಲದಿದ್ದರೆ ಅಜ್ಜಿಯ ಹೊಸ್ತಿಲು ಮತ್ತೆ ಕೆಳಗೆ ಹೋಗುತ್ತದೆ.

ಈಗ ಹಣದ ಮೂಲಗಳು. ಪಾಲಿಕೆಯ ಸ್ವಂತ ನಿಧಿ ಎಂದರೆ ಬಹುಪಾಲು ನಮ್ಮ ಆಸ್ತಿ ತೆರಿಗೆ. ಬೀದಿಯ ಎಲ್ಲ ಮನೆಗಳ ಆ ವರ್ಷದ ತೆರಿಗೆ ರಸೀದಿಗಳನ್ನು ಅರ್ಜಿಗೆ ಲಗತ್ತಿಸಿ. ಕೇಳುವವರ ದನಿಗೆ ಅದರಿಂದ ತೂಕ ಬರುತ್ತದೆ. ಎರಡನೆಯದು ರಾಜ್ಯ ಹಣಕಾಸು ಆಯೋಗದ ಅನುದಾನ, ಜನರ ಬಾಯಲ್ಲಿ ಎಸ್‌ಎಫ್‌ಸಿ. ಮೂರನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ 2021–26ರ ಅವಧಿಯಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಬಂದ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಇಂಥ ಷರತ್ತುಗಳಿರುವುದರಿಂದಲೇ ಕೊಳವೆ ಬದಲಿಸುವ ಕೆಲಸವನ್ನೂ ಡಾಂಬರನ್ನೂ ಒಂದೇ ತಲೆಬರಹದಲ್ಲಿ ಕೇಳಬಾರದು. ನೀರಿನ ಕೆಲಸಕ್ಕೆ ನೀರಿನ ಹಣ ಹುಡುಕಿ, ರಸ್ತೆಗೆ ಬೇರೆಯದನ್ನು ಹುಡುಕಿ. ಊರುಗಳ ಮೂಲಸೌಕರ್ಯಕ್ಕೆಂದು ರಾಜ್ಯ ಸರ್ಕಾರ ನಡೆಸುವ ನಗರೋತ್ಥಾನ ಯೋಜನೆಯ ಹಂತ ನಿಮ್ಮ ಊರಿನಲ್ಲಿ ನಡೆಯುತ್ತಿದ್ದರೆ ಅದರ ಕ್ರಿಯಾ ಯೋಜನೆಯಲ್ಲಿ ಸೇರಿಸಬಹುದೇ ಎಂದೂ ಕೇಳಿ. ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭಿವೃದ್ಧಿಗೆ ಶೇ 24.10ರಷ್ಟು, ಅಂಗವಿಕಲರ ಕಲ್ಯಾಣಕ್ಕೆ ಶೇ 5ರಷ್ಟು ಹಣ ತೆಗೆದಿಡಬೇಕು. ಮೊದಲನೆಯದು ಆ ಕಾಲೊನಿಗಳ ಹಕ್ಕು. ಅದು ಬೇರೆ ಬೀದಿಗಳಿಗೆ ಹರಿಯದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಕೇಳಲು ದೊಡ್ಡದಾದರೂ ಇಡೀ ಕ್ಷೇತ್ರಕ್ಕೆ ಅದೇ ಹಣ. ಒಂದು ಬೀದಿಯ ಪೂರ್ತಿ ಕೆಲಸಕ್ಕೆ ಅದನ್ನು ನಂಬಿ ಕುಳಿತುಕೊಳ್ಳಬೇಡಿ. ಚರಂಡಿಯ ಒಂದು ಭಾಗ, ಬಸ್ ತಂಗುದಾಣದವರೆಗಿನ ಕಾಲುದಾರಿ, ಇಂಥ ಕಣ್ಣಿಗೆ ಕಾಣುವ ತುಂಡಿಗೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಆದರೆ ಎಚ್ಚರ. ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ಒಡೆದು ತುಂಡು ಗುತ್ತಿಗೆ ಕೊಡುವುದನ್ನು ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆ ಒಪ್ಪುವುದಿಲ್ಲ. "ಬೇಗ ಮುಗಿಸಿಕೊಡುತ್ತೇವೆ" ಎಂದು ಯಾರಾದರೂ ಆ ದಾರಿ ತೋರಿಸಿದರೆ ಬೇಡವೆನ್ನಿ.

ನಿವಾಸಿಗಳ ವಂತಿಗೆ ರಸ್ತೆ ಹಾಕಲು ಅಲ್ಲ. ರಸ್ತೆ ಹಾಕುವುದು ಸ್ಥಳೀಯ ಸಂಸ್ಥೆಯ ಹೊಣೆ. ನಾವೇ ಹಾಕಿಕೊಂಡರೆ ಅದರ ಗುಣಮಟ್ಟಕ್ಕೂ ನಿರ್ವಹಣೆಗೂ ಉತ್ತರ ಹೇಳುವವರು ಇರುವುದಿಲ್ಲ, ಪಕ್ಕದ ಬಡಬೀದಿಗೂ ಹಾಗೇ ಹಾಕಿಕೊಳ್ಳಿ ಎಂದಂತಾಗುತ್ತದೆ. ನಾವು ಮನೆಗೆ 2,000 ರೂಪಾಯಿಯಂತೆ 84,000 ಕೂಡಿಸಿದೆವು. ತಾರಸಿ ಕೊಳವೆ ಬದಲಿಸಲು ಕೈಯಲ್ಲಿ ಹಣವಿಲ್ಲದ ಐದು ಮನೆಗಳಿಗೆ ನೆರವು, ಸಸಿಗಳಿಗೆ ಬೇಲಿ, ಎರಡು ಕಲ್ಲುಬೆಂಚು, ಇಷ್ಟಕ್ಕೆ ಅದು ಖರ್ಚಾಯಿತು. ಹಣ ಕೂಡಿಸುವ ಮೊದಲು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಿ. ಏಳು ಜನ ಇದ್ದರೆ ಸಾಕು. ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿರಲಿ, ಪ್ರತಿ ಪಾವತಿಗೂ ರಸೀದಿ ಕೊಡಿ.

ಯಾವ ತಿಂಗಳಲ್ಲಿ ಏನು

ಹೆಚ್ಚಿನ ಅರ್ಜಿಗಳು ಸೋಲುವುದು ಹೊತ್ತು ತಪ್ಪಿ ಹೋಗುವುದರಿಂದ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಅದರ ಆಯವ್ಯಯ ತಯಾರಾಗುವುದು ಹಿಂದಿನ ಚಳಿಗಾಲದಲ್ಲಿ. ಜೂನ್‌ನಿಂದ ಅಕ್ಟೋಬರ್ ಸಮೀಕ್ಷೆ. ದೀಪಾವಳಿ ಕಳೆಯುತ್ತಲೇ ಅರ್ಜಿ ಮತ್ತು ಅಂದಾಜಿನ ಕೆಲಸ. ಸಂಕ್ರಾಂತಿಯ ಆಸುಪಾಸಿನಲ್ಲಿ ಆಯವ್ಯಯದ ಪೂರ್ವಭಾವಿ ಸಭೆ ಕರೆದಾಗ ಹಾಜರಿದ್ದು ಲಿಖಿತವಾಗಿ ಕೊಡಿ. ವಾರ್ಡ್ ಸಮಿತಿ ನಡೆಯುತ್ತಿದ್ದರೆ ಅದರ ನಡಾವಳಿಯಲ್ಲಿ ನಿಮ್ಮ ಬೀದಿಯ ಹೆಸರು ದಾಖಲಾಗಲಿ. ಏಪ್ರಿಲ್ ಬಳಿಕ ಕ್ರಿಯಾ ಯೋಜನೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ಕಡತ ಮೆಟ್ಟಿಲು ಹತ್ತುತ್ತದೆ. ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ, ಡಾಂಬರು ಹಾಕಬಾರದ ಕಾಲ. ಹೀಗಾಗಿ ಚರಂಡಿ ಮತ್ತು ಕೊಳವೆ ಕೆಲಸ ಮಳೆ ಬಿಡುವು ಕೊಟ್ಟಾಗ, ಮೇಲ್ಪದರ ಡಿಸೆಂಬರ್ ನಂತರ. ಮಾರ್ಚ್ ಕೊನೆಯ ವಾರದಲ್ಲಿ ಹಣ ವಾಪಸಾಗುತ್ತದೆಂದು ಅವಸರದಲ್ಲಿ ಹಾಕುವ ರಸ್ತೆಗೆ ಒಪ್ಪಬೇಡಿ.

ಕಾರ್ಯಾದೇಶದ ಪ್ರತಿ ಸಿಕ್ಕ ಮೇಲೆ ತಿಂಗಳಿಗೊಮ್ಮೆ ಒಬ್ಬರೇ, ಅದೇ ವ್ಯಕ್ತಿ, ಅದೇ ಕಡತ ಹಿಡಿದು ಹೋಗಲಿ. ಗುಂಪಾಗಿ ಹೋಗಿ ಕೂಗಾಡಿದ ದಿನ ನಮಗೆ ಕಾಫಿ ಸಿಕ್ಕಿತು, ಕಡತ ಅಲುಗಾಡಲಿಲ್ಲ.

ಕೆಲಸ ನಡೆಯುವ ದಿನ

ಡಾಂಬರಿನ ಲೆಕ್ಕ ಸುಲಭ. 180 ಮೀಟರ್ ಉದ್ದ, 5.5 ಮೀಟರ್ ಅಗಲ ಎಂದರೆ 990 ಚದರ ಮೀಟರ್. ರೋಲರ್ ಒತ್ತಿದ ಮೇಲೆ 30 ಮಿಲಿಮೀಟರ್ ದಪ್ಪ ಉಳಿಯಬೇಕಾದರೆ ಸುಮಾರು 30 ಘನ ಮೀಟರ್, ತೂಕದಲ್ಲಿ 70 ಟನ್ನಿನ ಹತ್ತಿರ. ಹತ್ತು ಟನ್ ಹೊರುವ ಟಿಪ್ಪರ್ ಆದರೆ ಏಳು ಬರಬೇಕು. ನಮ್ಮ ಬೀದಿಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಗೇಟಿನ ಮೇಲೆ ಕುಳಿತು ಟಿಪ್ಪರ್ ಎಣಿಸಿ, ಚಾಲಕರಿಂದ ತೂಕದ ಚೀಟಿ ಕೇಳಿ ಚಿತ್ರ ತೆಗೆದಳು. ಐದನೆಯದರ ನಂತರ ಒಂದು ಗಂಟೆ ಏನೂ ಬರಲಿಲ್ಲ. ಎಂಜಿನಿಯರ್ ಅವರಿಗೆ ಫೋನ್ ಮಾಡಿ ಸಂಖ್ಯೆ ಹೇಳಿದೆವು, ಉಳಿದೆರಡು ಬಂದವು. ಮಿಶ್ರಣ 140 ಡಿಗ್ರಿಯ ಆಸುಪಾಸಿನಲ್ಲಿ ಹಾಸಬೇಕು, 90ಕ್ಕಿಂತ ತಣ್ಣಗಾಗುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಹೊಗೆಯಾಡದೆ ಗಂಟುಗಂಟಾಗಿ ಬೀಳುತ್ತಿದ್ದರೆ ಮಿಶ್ರಣ ತಣಿದಿದೆ ಎಂದೇ ಅರ್ಥ. ರಸ್ತೆಯ ನಡು ಅಂಚಿಗಿಂತ ಐದಾರು ಸೆಂಟಿಮೀಟರ್ ಎತ್ತರ ಇರಬೇಕು. ಅದಕ್ಕೂ ಅದೇ ಲೆವೆಲ್ ಪೈಪ್ ಸಾಕು.

ಕಾಂಕ್ರೀಟ್ ರಸ್ತೆಯಾದರೆ ಕನಿಷ್ಠ ಎರಡು ವಾರ ತೇವ ಆರದಂತೆ ನೀರು ಹಿಡಿಯಬೇಕು. ಇಂಟರ್‌ಲಾಕ್ ಬ್ಲಾಕ್ ಆದರೆ ಕಾಲುದಾರಿಗೆ 60 ಮಿಲಿಮೀಟರ್, ವಾಹನ ಓಡುವಲ್ಲಿ 80 ಮಿಲಿಮೀಟರ್ ದಪ್ಪದ್ದು ಬೇಕು.

ತಪ್ಪು ಕಂಡರೆ ಕಾರ್ಮಿಕರ ಮೇಲೆ ರೇಗಬೇಡಿ, ಅವರು ಹೇಳಿದಷ್ಟು ಮಾಡುವವರು. ಮಜ್ಜಿಗೆ ಕೊಡಿ, ನೆರಳಿನಲ್ಲಿ ಕೂರಿಸಿ, ಮಾತನ್ನು ಎಂಜಿನಿಯರ್ ಜೊತೆ ಆಡಿ. ಒಪ್ಪದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಲಿಖಿತವಾಗಿ ಕೇಳಿ.

ಕೆಲಸ ಮುಗಿದ ದಿನವೇ ಎರಡು ಮಾಡಿ. ಹೊಸ್ತಿಲುಗಳ ಮಟ್ಟವನ್ನು ಮತ್ತೊಮ್ಮೆ ಅಳೆದು ಹಳೆಯ ಪಟ್ಟಿಯ ಪಕ್ಕ ಬರೆಯಿರಿ. ಗುತ್ತಿಗೆದಾರರ ಭದ್ರತಾ ಠೇವಣಿ ಮರಳುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅದಕ್ಕೆ ಎರಡು ತಿಂಗಳು ಮೊದಲು ಬಿರುಕು, ಕುಸಿತ, ಸಡಿಲ ಚಪ್ಪಡಿಗಳ ಪಟ್ಟಿಯನ್ನು ಚಿತ್ರ ಸಮೇತ ಕಚೇರಿಗೆ ಕೊಡಿ. ನಮ್ಮ ಪಟ್ಟಿಯಲ್ಲಿ ಈಗ ನಾಲ್ಕು ಬಾಬ್ತುಗಳಿವೆ. ಮೂಲೆಮನೆಯ ಹೊಸ್ತಿಲು ರಸ್ತೆಗಿಂತ 22 ಸೆಂಟಿಮೀಟರ್ ಮೇಲಿದೆ.